ಟಾಮ್ ಅಂಡ್ ಜೆರ್ರಿ ಡಿವಿಡಿ ಪೆಟ್ಟಿಗೆ: ಒಂಬತ್ತು ಮಳೆಗಾಲ ನೋಡಿದ ಮೇಲೆ

ಐದಕ್ಕೆ ಮೂರೂವರೆ ಸ್ಟಾರ್. ಒಂದೂವರೆ ಕಳೆದಿದ್ದು ಕಾರ್ಟೂನಿಗಲ್ಲ, ಪೆಟ್ಟಿಗೆ ಜೋಡಿಸಿದವರಿಗೆ.

ಈಗಿನ ಕಾಲದಲ್ಲಿ ಡಿಸ್ಕ್ ಯಾರು ನೋಡುತ್ತಾರೆ ಅಂತ ಕೇಳುವವರು ಕಕ್ಕಡ ತಿಂಗಳಲ್ಲಿ, ಅಂದರೆ ಜೋರು ಮಳೆಯ ಕಾಲದಲ್ಲಿ, ಒಂದು ವಾರ ನಮ್ಮ ಮನೆಗೆ ಬಂದಿರಲಿ. ನಾವಿರುವುದು ಕೊಡಗಿನ ನಾಪೋಕ್ಲು ಕಡೆ, ತೋಟದ ಒಳಗೆ. ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತೋ ಯಾರಿಗೂ ಗೊತ್ತಿಲ್ಲ. ಅದರ ಹಿಂದೆಯೇ ಮೊಬೈಲ್ ಟವರ್ ಕೂಡ ಮಲಗುತ್ತದೆ. ಯುಪಿಎಸ್‌ನಲ್ಲಿ ಉಳಿದ ಚಾರ್ಜ್‌ನಲ್ಲಿ ಸಂಜೆ ಒಂದು ಗಂಟೆ ಟಿವಿ. ಆ ಒಂದು ಗಂಟೆಗೆ ಈ ಪೆಟ್ಟಿಗೆ.

2016ರಲ್ಲಿ ಭಾವ ದುಬೈಯಿಂದ ತಂದುಕೊಟ್ಟಿದ್ದು. ಮೊದಲ ದಿನವೇ ಪ್ಲೇಯರ್ ಡಿಸ್ಕನ್ನು ಉಗುಳಿತು. ರೀಜನ್ ಕೋಡ್, ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡಬೇಕು ಅನ್ನುವ ನಂಬರ್, ಬೇರೆಯಂತೆ. ಅಲ್ಲಿಯದು 2, ನಮ್ಮದು 5. ಕುಶಾಲನಗರದ ರಿಪೇರಿ ಅಂಗಡಿಯವನು ರಿಮೋಟ್‌ನಲ್ಲಿ ಏನೋ ನಾಲ್ಕು ಬಟನ್ ಒತ್ತಿ ಸರಿ ಮಾಡಿದ. ದುಡ್ಡು ಬೇಡ ಅಂದ, ನಾನೇ ಒಂದು ಕೆಜಿ ಕಾಫಿಪುಡಿ ಕೊಟ್ಟು ಬಂದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಈ ಪೆಟ್ಟಿಗೆಯಲ್ಲಿ ಹಳೆಯ ಕಿರುಚಿತ್ರಗಳ ಜೊತೆಗೆ 2001ರದ್ದು ಒಂದು, 2005ರದ್ದು ಒಂದು ಇದೆ. ಭಾವನಿಗೆ ಅದೇ ಸಿಟ್ಟು. 'ಹಳೇ ಸೆಟ್ಟು ಅಂತ ದುಡ್ಡು ಕೊಟ್ಟರೆ ಹೊಸದನ್ನ ತುರುಕಿದ್ದಾರೆ' ಅಂದ. ನಾನೂ ಮೊದಲು ಹೌದು ಅಂದೆ. ಈಗ ಅನ್ನಲ್ಲ.

ಹಳೆಯದು ಅಂದರೆ ಯಾವುದು? ಮೊದಲ ಚಿತ್ರ ಬಂದಿದ್ದು 1940ರಲ್ಲಿ. ಅದರಲ್ಲಿ ಬೆಕ್ಕಿಗೆ ಟಾಮ್ ಅನ್ನುವ ಹೆಸರೇ ಇಲ್ಲ, ಜ್ಯಾಸ್ಪರ್ ಅಂತ ಕರೆಯುತ್ತಾರೆ. ವಿಲಿಯಂ ಹ್ಯಾನಾ, ಜೋಸೆಫ್ ಬಾರ್ಬೆರಾ ಇಬ್ಬರೂ ಸೇರಿ 1958ರವರೆಗೆ 114 ಮಾಡಿದರು. ಅದರಲ್ಲಿ ಏಳಕ್ಕೆ ಆಸ್ಕರ್ ಬಂತು. ಆಮೇಲೆ ಜೀನ್ ಡೈಚ್ 1961 ಮತ್ತು 62ರಲ್ಲಿ 13 ಮಾಡಿದ. ಅದೂ ಅಮೆರಿಕದಲ್ಲಲ್ಲ, ಪ್ರಾಗ್ ಊರಲ್ಲಿ. 1963ರಿಂದ 67ರವರೆಗೆ ಚಕ್ ಜೋನ್ಸ್ 34. ಒಟ್ಟು 161. ಎಲ್ಲವೂ ನಮ್ಮ ಲೆಕ್ಕದಲ್ಲಿ 'ಹಳೇದು'.

ಆದರೆ ಡೈಚ್‌ನ ಚಿತ್ರ ಹಾಕಿ ನೋಡಿ. ಗುಹೆಯೊಳಗೆ ತಗಡು ಬಡಿದ ಹಾಗೆ ಸದ್ದು. ಟಾಮ್ ಓಡಿದರೂ ಓಡಿದ ಹಾಗೆ ಕಾಣುವುದಿಲ್ಲ. ಆಗ ಆರು ವರ್ಷದ ನನ್ನ ಮಗಳು ಎರಡೇ ನಿಮಿಷ ನೋಡಿ, 'ಪಪ್ಪಾ, ಇದು ಡೂಪ್ಲಿಕೇಟ್ ಟಾಮ್' ಅಂದಳು. ಅವಳಿಗೆ ಇಸವಿ ಗೊತ್ತಿಲ್ಲ, ಪ್ರಾಗ್ ಗೊತ್ತಿಲ್ಲ. ನನಗೆ ಮಾತ್ರ ವರ್ಷ ಕಳೆದಂತೆ ಆ ಹದಿಮೂರರ ಮೇಲೆ ಒಂಥರಾ ಪ್ರೀತಿ ಬಂದಿದೆ. ಕಮ್ಯುನಿಸ್ಟ್ ದೇಶದಲ್ಲಿ ಮಾಡಿದ್ದು ಗೊತ್ತಾಗಬಾರದು ಅಂತ ಟೈಟಲ್‌ನಲ್ಲಿ ಅಲ್ಲಿಯವರ ಹೆಸರನ್ನೇ ಇಂಗ್ಲಿಷ್ ಮಾಡಿದ್ದಾರೆ. ಸಂಗೀತ ಕೊಟ್ಟ ವಾಟ್ಸ್ಲಾವ್ ಲೀಡ್ಲ್ ಅಲ್ಲಿ ವಿಕ್ಟರ್ ಲಿಟಲ್ ಆಗಿದ್ದಾನೆ! ಇದು ಗೊತ್ತಾದ ಮೇಲೆ ಟೈಟಲ್ ಬಂದಾಗಲೆಲ್ಲ ಪಾಜ್ ಒತ್ತಿ ಓದುವುದು ನನ್ನ ಚಟ. ಮನೆಯವರು ಬೈಯುತ್ತಾರೆ, ಚಾರ್ಜ್ ಸುಮ್ನೆ ಹೋಗುತ್ತೆ ಅಂತ.

ಈಗ 2005ರದ್ದು, 'ದಿ ಕರಾಟೆ ಗಾರ್ಡ್'. ಜೆರ್ರಿ ಕರಾಟೆ ಕಲಿಯುತ್ತಾನೆ. ಜಾಗಟೆ ಬಾರಿಸಿದರೆ ಕತ್ತಿ ಹಿಡಿದು ಸ್ಪೈಕ್ ನಾಯಿ ಪ್ರತ್ಯಕ್ಷ. ಬಣ್ಣ ಸ್ವಲ್ಪ ಜಾಸ್ತಿ ಮಿನುಗುತ್ತದೆ, ಗೆರೆ ತೀರಾ ನುಣುಪು. ಆದರೆ ಹೊಡೆತದ ಲೆಕ್ಕ ನೋಡಿ. ಏಟು ಬೀಳುವ ಮೊದಲು ಒಂದು ಕ್ಷಣ ಸುಮ್ಮನಿರುವುದು, ಟಾಮ್ ನಮ್ಮ ಕಡೆ ತಿರುಗಿ ನೋಡುವುದು, ಎಲ್ಲ ಹಳೇ ಕೈಯದೇ. ಇರಲೇಬೇಕಲ್ವಾ, ಕಥೆ ಬಾರ್ಬೆರಾ ಅವರದೇ. ಆಗ ಅವರಿಗೆ 94 ವರ್ಷ. ಮರುವರ್ಷ ತೀರಿಕೊಂಡರು. ಅದನ್ನು ಹೊರಗಿಟ್ಟು, ಡೂಪ್ಲಿಕೇಟ್ ಅನಿಸುವ 1961ರದ್ದನ್ನು ಒಳಗಿಡುವುದು ಯಾವ ನ್ಯಾಯ? ಕರಾಟೆ ಗಾರ್ಡ್ ನೋಡಿದ ವಾರ ಮಕ್ಕಳಿಬ್ಬರೂ ಸ್ಟೀಲ್ ತಟ್ಟೆ ಬಡಿದು ಮನೆನಾಯಿಯನ್ನು ಕರೆಯುತ್ತಿದ್ದರು. ಅದು ಪಾಪ, ಊಟಕ್ಕೆ ಅಂದುಕೊಂಡು ಓಡಿ ಬರುತ್ತಿತ್ತು.

ಹಾಗಂತ ಮೂಲದವರ ಕೈ ಇದ್ದರೆ ಸಾಕು ಅಂತಲೂ ಹೇಳಲಾರೆ. 1975ರಲ್ಲಿ ಟಿವಿಗೆ ಬಂದ ಸರಣಿ ಹ್ಯಾನಾ, ಬಾರ್ಬೆರಾ ಇಬ್ಬರ ಕಂಪನಿಯದೇ. ಟಿವಿಯಲ್ಲಿ ಹೊಡೆದಾಟ ಬೇಡ ಅಂತ ಬೆಕ್ಕು ಇಲಿ ಇಬ್ಬರನ್ನೂ ಸ್ನೇಹಿತರನ್ನಾಗಿ ಮಾಡಿ, ಜೆರ್ರಿಯ ಕೊರಳಿಗೆ ಕೆಂಪು ಬೋ ಟೈ ಕಟ್ಟಿದರು. ಸಪ್ಪೆ ಅಂದರೆ ಸಪ್ಪೆ. ಪುಣ್ಯಕ್ಕೆ ಅದು ಈ ಪೆಟ್ಟಿಗೆಯಲ್ಲಿಲ್ಲ. ಏಳೆಂಟು ನಿಮಿಷದಲ್ಲಿ ಮಾತಿಲ್ಲದೆ, ಬರೀ ಓಟ ಮತ್ತು ಸಂಗೀತದಲ್ಲಿ ಕಥೆ ಮುಗಿಸುವ ಹಳೇ ಪದ್ಧತಿಗೆ ಯಾವುದು ಹೊಂದುತ್ತದೋ ಅದು ಇರಲಿ, ಯಾವ ಇಸವಿಯದಾದರೂ ಸರಿ. 2001ರದ್ದು ಮಾತ್ರ ನನಗೆ ಅಷ್ಟಕ್ಕಷ್ಟೇ. ಮನೆ ಯಜಮಾನನ ದನಿ ಬಾರ್ಬೆರಾ ಅವರದೇ ಅನ್ನುವುದಷ್ಟೇ ಅದರ ಸ್ವಾರಸ್ಯ.

ಈಗ ಬೈಗುಳ. ಹೊಸದನ್ನು ಸೇರಿಸಿದ್ದಕ್ಕಲ್ಲ, ಕಲಸಿದ್ದಕ್ಕೆ. ಇಸವಿ ಪ್ರಕಾರ ಜೋಡಿಸಿಲ್ಲ. 1947ರ ಪಿಯಾನೋ ಚಿತ್ರ 'ದಿ ಕ್ಯಾಟ್ ಕನ್ಸರ್ಟೊ' ಮುಗಿದ ತಕ್ಷಣ 2001ರದ್ದು ಶುರು. ಹಳೇ ಚಿತ್ರಗಳಿಗೆ ಸಂಗೀತ ಕೊಟ್ಟ ಸ್ಕಾಟ್ ಬ್ರ್ಯಾಡ್ಲಿಯ ವಾದ್ಯಗಳು ಕಿವಿಯಲ್ಲಿ ಇನ್ನೂ ಇರುವಾಗಲೇ ಟಿವಿಗೆ ಮಾಡಿದ ಚಿತ್ರ ಬಂದರೆ ಪಾಪ ಅದು ತಾನೇ ಏನು ಮಾಡೀತು? ನಮ್ಮ ಕಣದಲ್ಲಿ ಅರೇಬಿಕಾ ಒಂದು ಕಡೆ, ರೋಬಸ್ಟಾ ಒಂದು ಕಡೆ ಒಣಗುತ್ತದೆ. ಎರಡೂ ಕಾಫಿಯೇ. ಬೆರೆಸುವುದು ಪುಡಿ ಮಾಡುವಾಗ, ಎಷ್ಟಕ್ಕೆ ಎಷ್ಟು ಅಂತ ಗೊತ್ತಿದ್ದು. ಇಲ್ಲಿ ಕವರ್ ಮೇಲೆ ಒಂದಕ್ಕೂ ಇಸವಿಯೇ ಹಾಕಿಲ್ಲ.

ಇನ್ನೊಂದು, 1954ರಿಂದ ಕೆಲವನ್ನು ಸಿನೆಮಾಸ್ಕೋಪ್‌ನಲ್ಲಿ, ಅಂದರೆ ಅಗಲ ಪರದೆಗೆ, ಮಾಡಿದ್ದರು. ಈ ಪೆಟ್ಟಿಗೆಯಲ್ಲಿ ಅವುಗಳ ಎರಡೂ ಬದಿ ಕತ್ತರಿಸಿ ಚೌಕ ಮಾಡಿದ್ದಾರೆ. ಬಾಂಬ್ ಇಟ್ಟ ಇಲಿ ಪರದೆಯಿಂದಲೇ ಹೊರಗೆ! 1948ರದ್ದೊಂದು, 1951ರದ್ದೊಂದು ಇಲ್ಲವೇ ಇಲ್ಲ. ಕಪ್ಪು ಜನರನ್ನು ಆಡಿಕೊಳ್ಳುವ ದೃಶ್ಯಗಳಿವೆ ಅಂತ ಅವೆರಡನ್ನೂ ಸಂಗ್ರಹಗಳಿಂದ ಬಿಡುವುದುಂಟು. ಆ ದೃಶ್ಯ ಕೆಟ್ಟದ್ದೇ, ನಾನೂ ಮಕ್ಕಳಿಗೆ ತೋರಿಸಲ್ಲ. ಆದರೆ ಬಿಟ್ಟಿದ್ದೇವೆ ಅಂತ ಒಂದು ಸಾಲು ಬರೆಯಬಹುದಿತ್ತು. ಹೊಸದು ಬಂದು ಹಳೇದರ ಜಾಗ ತಿಂದಿತು ಅಂತ ಭಾವ ಇವತ್ತಿಗೂ ನಂಬಿಕೊಂಡಿದ್ದಾನೆ.

ಬಾಳಿಕೆ ಬಗ್ಗೆ: ಎರಡನೇ ಮಳೆಗಾಲಕ್ಕೇ ಡಿಸ್ಕ್ ಮೇಲೆ ಬೂಸ್ಟು. ಒದ್ದೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಿ ಸುತ್ತಿ ಉಜ್ಜಬೇಡಿ. ಈಗ ಅಡುಗೆಮನೆಯ ಒಲೆ ಹಿಂದಿನ ಕಪಾಟಿನಲ್ಲಿ ಅಕ್ಕಿ ಡಬ್ಬದ ಪಕ್ಕ ಇಟ್ಟಿದ್ದೇವೆ. ಒಂದೇ ಒಂದು ಡಿಸ್ಕ್ ಹೋಗಿದೆ. ಕವರ್‌ಗಳೆಲ್ಲ ಹೊಗೆ ವಾಸನೆ.

ಕಳೆದ ವರ್ಷ ಕೈಲ್‌ಪೋಳ್ದ್ ಹಬ್ಬದ ರಜೆಯಲ್ಲಿ ಮಗಳು ಕೂತು ಎಲ್ಲ ಚಿತ್ರಕ್ಕೂ ಇಸವಿ ಹುಡುಕಿ, ಡಿಸ್ಕ್ ಮೇಲೆ ಮಾರ್ಕರ್‌ನಲ್ಲಿ ಬರೆದಳು. 2001, 2005ಕ್ಕೆ ಹಸಿರು ಬಣ್ಣ, ಡೈಚ್‌ನದಕ್ಕೆ ಕೆಂಪು. ಅಷ್ಟೂ ಸಲ ಒರೆಸಿ ಈಗ ಹಸಿರೆಲ್ಲ ಅಳಿಸಿದೆ, ಕೆಂಪು ಮಾತ್ರ ಉಳಿದಿದೆ.