ಜಾಕ್ ಲಂಡನ್ ಪಾರ್ಕ್: ದ್ರಾಕ್ಷಿತೋಟದ ಅಂಚಿನಿಂದ ಸೊನೋಮಾ ಬೆಟ್ಟದ ನೆತ್ತಿಗೆ

ಕ್ಯಾಲಿಫೋರ್ನಿಯಾದ ಗ್ಲೆನ್ ಎಲೆನ್ ಊರಿನ ಪಕ್ಕದ ಈ ಪಾರ್ಕಿನಲ್ಲಿ ಓಡಲು ಬಂದವರು ಮೊದಲ ಕಿಲೋಮೀಟರ್ ನೋಡಿ ಮೋಸಹೋಗಬೇಡಿ. ಲೇಖಕ ಜಾಕ್ ಲಂಡನ್‌ನ ಹಳೇ ಫಾರ್ಮಿನ ಕಲ್ಲಿನ ಕಟ್ಟಡಗಳು, ಸಾಲು ಹಿಡಿದ ದ್ರಾಕ್ಷಿಬಳ್ಳಿ, ಅಗಲವಾದ ಮಣ್ಣಿನ ದಾರಿ. ಕಾಲು ತಾನಾಗಿ ಜೋರಾಗುತ್ತದೆ. ಅಲ್ಲೇ ತಪ್ಪುವುದು. ಕೆರೆಯ ಬಳಿಯ ರೆಡ್‌ವುಡ್ ಮರಗಳ ನೆರಳು ದಾಟಿದ ಮೇಲೆ ಮೌಂಟನ್ ಟ್ರೇಲ್ ಎಂಬ ದಾರಿ ಬಿಡದೆ ಏರುತ್ತದೆ. ಬೆಟ್ಟದ ಎತ್ತರ 751 ಮೀಟರ್. ಹೋಗಿಬರಲು ಸುಮಾರು 13 ಕಿ.ಮೀ., ಏರು ಸುಮಾರು 550 ಮೀಟರ್. ಕಡಿದಾದ ಕಡೆ ನಡೆಯುವುದೇ ಜಾಣತನ.

ಬೇಸಿಗೆಯಲ್ಲಿ ಇಳಿಯುವಾಗ ಒಣಮಣ್ಣಿನ ಮೇಲಿನ ಸಣ್ಣ ಕಲ್ಲು ಜಾರುತ್ತದೆ, ಹೆಜ್ಜೆ ಚಿಕ್ಕದಿರಲಿ. ಮಳೆಗಾಲ ಅಲ್ಲಿ ಚಳಿಗಾಲದಲ್ಲೇ. ಆಗ ಜೇಡಿಮಣ್ಣು ಶೂಗೆ ಮೆತ್ತಿ ಭಾರವಾಗುತ್ತದೆ, ಆಳವಾದ ಹಲ್ಲಿನ ಸೋಲ್ ಬೇಕು. ಒಂದು ಲೀಟರ್ ನೀರು ಕೆಳಗಿನಿಂದಲೇ ಹೊತ್ತೊಯ್ಯಿರಿ.

ನಿಜವಾದ ಕಾಟ ತಾಗಿದರೆ ಮೈ ಕೆರೆಸುವ ಪಾಯ್ಸನ್ ಓಕ್ ಗಿಡದ್ದು. ಒಂದೇ ತೊಟ್ಟಿಗೆ ಮೂರು ಎಲೆ, ವಸಂತದಲ್ಲಿ ಎಣ್ಣೆ ಸವರಿದಂತೆ ಹೊಳಪು, ಬೇಸಿಗೆ ಕೊನೆಗೆ ಕೆಂಪು. ಇದು ನಮ್ಮ ಮಾವು, ಗೇರಿನ ಕುಟುಂಬದ್ದೇ ಗಿಡ. ಮಾವಿನ ಸೊನೆಗೆ ಮೈ ಕೆರೆಯುವವರು ಉದ್ದ ಕಾಲುಚೀಲ ಹಾಕಿ. ತಾಗಿದರೆ ತಕ್ಷಣ ಸೋಪು, ತಣ್ಣೀರಿನಲ್ಲಿ ತೊಳೆಯಿರಿ, ಶೂ ಲೇಸನ್ನೂ ಬಿಡಬೇಡಿ.

ಒಂದೇ ಆಕ್ಷೇಪ: ಗೇಟು ತೆರೆಯುವುದು ಬೆಳಿಗ್ಗೆ 9ಕ್ಕೆ. ಜುಲೈನಲ್ಲಿ ಅಷ್ಟು ಹೊತ್ತಿಗೆ ಬಿಸಿಲು ಏರಿರುತ್ತದೆ. ನಾಯಿಗಳಿಗೆ ಬೆಟ್ಟದ ದಾರಿಯಲ್ಲಿ ಪ್ರವೇಶವಿಲ್ಲ.