ಡೈಲ್ಯೂಷನ್ ಲೆಕ್ಕದ ಆ್ಯಪ್: ಚೆನ್ನಾಗಿದೆ, ಆದರೆ ಆ್ಯಸಿಡ್ ಬಾಟಲಿಗೆ ನಂಬಬೇಡಿ

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಬಿಎಸ್ಸಿ ಪ್ರಾಕ್ಟಿಕಲ್‌ಗೆ ದ್ರಾವಣ ಮಾಡಿಡುವುದು ನನ್ನ ಕೆಲಸ. ಗಟ್ಟಿ ದ್ರಾವಣವನ್ನು ತೆಳುಮಾಡಲು (ಡೈಲ್ಯೂಷನ್) ಎಷ್ಟು ತಗೊಳ್ಳಬೇಕು ಅಂತ ಲೆಕ್ಕ ಹಾಕಿಕೊಡುವ ಈ ಆ್ಯಪ್ ದಿನಾ ಬಳಸುತ್ತೇನೆ. ಐದಕ್ಕೆ ಮೂರು ಸ್ಟಾರ್ ಕೊಡ್ತೀನಿ.

ಇದಕ್ಕೆ ನೆಟ್ ಬೇಡ. ಜೋರು ಮಳೆ ಹಿಡಿದರೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಮೊದಲೇ ಮಾಡಿಟ್ಟ 1 ಮೋಲಾರ್ (ದ್ರಾವಣ ಎಷ್ಟು ಗಟ್ಟಿ ಅನ್ನುವ ಅಳತೆ) ಸ್ಟಾಕ್‌ನಿಂದ 0.05 ಮೋಲಾರ್ 250 ಎಂಎಲ್ ಬೇಕು ಅಂದರೆ 12.5 ಎಂಎಲ್ ತಗೊಳ್ಳಿ ಅಂತ ಥಟ್ಟನೆ ಹೇಳುತ್ತದೆ. ಸೀರಿಯಲ್ ಡೈಲ್ಯೂಷನ್ (ಹಂತ ಹಂತವಾಗಿ ತೆಳುಮಾಡುವುದು) ಪುಟವಂತೂ ತುಂಬಾ ಇಷ್ಟವಾಯಿತು. ಅಡಿಕೆ ತೋಟದ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಎಣಿಸುವಾಗ ಅವನ್ನು ಬೆಳೆಸುವ ಪ್ಲೇಟಿಗೆ ಎಷ್ಟು ಎಂಎಲ್ ಹಾಕಿದಿರಿ ಅಂತಲೂ ಕೇಳುತ್ತದೆ. ಲಕ್ಷ ಪಟ್ಟು ತೆಳುಮಾಡಿದ್ದರಲ್ಲಿ 0.1 ಎಂಎಲ್ ಹರಡಿ 42 ಕಾಲೊನಿ (ಬ್ಯಾಕ್ಟೀರಿಯಾ ಗುಂಪು) ಬಂದರೆ, ಗ್ರಾಂ ಮಣ್ಣಿಗೆ 4.2 ಕೋಟಿ. ಹುಡುಗರು ಆ 0.1 ಮರೆತು 42 ಲಕ್ಷ ಅಂತ ಬರೆಯುವುದೇ ಜಾಸ್ತಿ.

ತೊಂದರೆ ಇರುವುದು ಶೇಕಡಾದಲ್ಲಿ. ಕಾನ್ಸಂಟ್ರೇಟೆಡ್ ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆ್ಯಸಿಡ್) ಬಾಟಲಿ ಮೇಲಿನ 37% ತೂಕದ ಲೆಕ್ಕ, ಅಂದರೆ 100 ಗ್ರಾಂ ದ್ರಾವಣದಲ್ಲಿ 37 ಗ್ರಾಂ. ಆ್ಯಪ್ ಅದನ್ನು 100 ಎಂಎಲ್‌ಗೆ 37 ಗ್ರಾಂ ಅಂದುಕೊಂಡು, ಒಂದು ಲೀಟರ್ 0.1 ಮೋಲಾರ್‌ಗೆ 9.9 ಎಂಎಲ್ ಹಾಕಿ ಅನ್ನುತ್ತದೆ. ಸಾಂದ್ರತೆ (ಡೆನ್ಸಿಟಿ, ಒಂದು ಎಂಎಲ್‌ಗೆ 1.18 ಗ್ರಾಂ) ಸೇರಿಸಿದರೆ ಆ ಆ್ಯಸಿಡ್ ಸುಮಾರು 12 ಮೋಲಾರ್, ಬೇಕಾಗುವುದು 8.3 ಎಂಎಲ್ ಮಾತ್ರ. ಗಟ್ಟಿತನ ಗೊತ್ತಿರುವ ದ್ರಾವಣ ಹಾಕಿ ಇನ್ನೊಂದನ್ನು ಅಳೆಯುವ ಟೈಟ್ರೇಶನ್‌ಗೆ ಇಷ್ಟು ವ್ಯತ್ಯಾಸ ನಡೆಯುತ್ತದಾ? ಸಾಂದ್ರತೆಗೆ ಒಂದು ಖಾನೆ ಕೊಟ್ಟರೆ ಮುಗಿಯಿತು. ಜೊತೆಗೆ ನೀರಿಗೆ ಆ್ಯಸಿಡ್ ಹಾಕಬೇಕು, ಆ್ಯಸಿಡ್‌ಗೆ ನೀರಲ್ಲ ಅಂತ ಕೆಂಪಕ್ಷರದಲ್ಲಿ ತೋರಿಸಲೇಬೇಕು, ಮೊದಲ ವರ್ಷದವರ ಕೈಯಲ್ಲೂ ಇದೇ ಆ್ಯಪ್ ಇರುತ್ತದೆ ಅಲ್ವಾ.

95% ಎಥನಾಲ್‌ನಿಂದ ಒಂದು ಲೀಟರ್ 70% ಮಾಡಲು 737 ಎಂಎಲ್ ಎಥನಾಲ್ ಅನ್ನುವುದು ಸರಿ. ಆದರೆ 263 ಎಂಎಲ್ ನೀರು ಸೇರಿಸಿ ಅಂತಲೂ ಹೇಳುತ್ತದೆ. ಎಥನಾಲ್, ನೀರು ಬೆರೆತಾಗ ಒಟ್ಟು ಗಾತ್ರ ಕುಗ್ಗುತ್ತದೆ, ಲೀಟರ್ ತುಂಬುವುದಿಲ್ಲ. ಲೀಟರ್ ಗುರುತಿನವರೆಗೆ ನೀರು ತುಂಬಿಸಿ ಅಂತ ಬರೆದರೆ ಸಾಕಿತ್ತು.

ಸಾಲ್ಟ್ ಸ್ಟಾಕ್, ಬಫರ್ (ಪಿಎಚ್ ಹೆಚ್ಚು ಬದಲಾಗದಂತೆ ಹಿಡಿಯುವ ದ್ರಾವಣ), ಪ್ಲೇಟ್ ಕೌಂಟ್‌ಗೆ ಧೈರ್ಯವಾಗಿ ಹಾಕಿಕೊಳ್ಳಿ. ತೂಕದ ಶೇಕಡಾ ಬರೆದಿರುವ ಆ್ಯಸಿಡ್, ಅಮೋನಿಯಾ ಬಾಟಲಿಗಳಿಗೆ ಸದ್ಯಕ್ಕೆ ಪೆನ್ನು, ಪೇಪರ್ ಹಿಡಿಯಿರಿ. ಮಾಡಿದವರು ಇದನ್ನು ಓದಿದರೆ ಕನ್ನಡದಲ್ಲೂ ಕೊಡಿ, ತೀರ್ಥಹಳ್ಳಿ, ಹೊಸನಗರದ ಕನ್ನಡ ಮೀಡಿಯಂ ಮಕ್ಕಳು ನಮ್ಮಲ್ಲಿ ತುಂಬಾ ಇದ್ದಾರೆ.