ಲೇಬಲ್ ಕೆಲಸಕ್ಕೆ ಕೋಡ್ ಮೂಲಕ ಕೋರಲ್‌ಡ್ರಾ: ದೀರ್ಘ ಬಳಕೆಯ ನಂತರ

ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಸೈಜ್ ಲೇಬಲ್, ಹ್ಯಾಂಗ್ ಟ್ಯಾಗ್ ಮಾಡಿಕೊಡುವ ಡಿಟಿಪಿ ಅಂಗಡಿಗೆ, ಕೋರಲ್‌ಡ್ರಾ ಎಂಬ ವಿನ್ಯಾಸ ಸಾಫ್ಟ್‌ವೇರನ್ನು ಎಕ್ಸೆಲ್ ಅಥವಾ ಪೈಥಾನ್ ಕೋಡ್‌ನಿಂದ ತಾನಾಗಿ ಓಡಿಸುವ ಈ ಆಟೊಮೇಶನ್ ನಿಜಕ್ಕೂ ಒದಗುತ್ತದೆ. ವಿನ್ಯಾಸ ಒಂದೇ, ಸೊಂಟದಳತೆ ಮಾತ್ರ 28, 30, 32 ಎಂದು 40ರವರೆಗೆ ಬದಲಾಗುತ್ತದೆ. ಎಕ್ಸೆಲ್ ಪಟ್ಟಿಯಿಂದಲೇ ಓಡಿಸಿದರೆ ಕೈತಪ್ಪಿಗೆ ಜಾಗವಿಲ್ಲ. ಒಮ್ಮೆ ಹೊಂದಿಸಿದ ಕೋಡ್ ನಂಬಿಕೆಯಿಂದ ದುಡಿಯುತ್ತದೆ. ಎಡವುವುದು ಹೆಚ್ಚಾಗಿ ಆವೃತ್ತಿ ಬದಲಿಸಿದಾಗ, ಅದೂ ಸಾಫ್ಟ್‌ವೇರ್‌ಗಳ ವಿವರ ದಾಖಲಾಗುವ ವಿಂಡೋಸ್ ರಿಜಿಸ್ಟ್ರಿಯಲ್ಲಿ.

ವಿಬಿಎಯಲ್ಲಿ, ಅಂದರೆ ಎಕ್ಸೆಲ್‌ನ ಮ್ಯಾಕ್ರೋ ಭಾಷೆಯಲ್ಲಿ, ಕೋರಲ್‌ಡ್ರಾವನ್ನು ಕರೆಯಲಾಗದೆ 429 ಎರರ್ ಬಂದ ಕೂಡಲೇ ಇಡೀ ಸಾಫ್ಟ್‌ವೇರ್ ಮತ್ತೆ ಹಾಕಲು ಹೋಗಬೇಡಿ. 429 ಕಾರಣ ಹೇಳುವುದಿಲ್ಲ, ಅದೇ ಕರೆಯನ್ನು ಪೈಥಾನ್‌ನಿಂದ ಮಾಡಿದರೆ ಅದು ಹೇಳುತ್ತದೆ. ಅಲ್ಲಿ -2147221005 ಬಂದರೆ ಕೋಡ್‌ನಲ್ಲಿ ಕೊಟ್ಟ ಹೆಸರೇ ರಿಜಿಸ್ಟ್ರಿಯಲ್ಲಿಲ್ಲ. -2147221164 ಬಂದರೆ ಹೆಸರಿದೆ, ಅದರ ಹಿಂದಿರುವ ಕಾಂಪೊನೆಂಟ್ ನೋಂದಣಿಯಾಗಿಲ್ಲ. ರಿಜಿಸ್ಟ್ರಿ ತೋರಿಸುವ ರೆಜ್‌ಎಡಿಟ್ (regedit) ತೆರೆದು ಕ್ಲಾಸಸ್ ರೂಟ್ (HKEY_CLASSES_ROOT) ಅಡಿಯಲ್ಲಿ ‘ಕೋರಲ್‌ಡ್ರಾ.ಅಪ್ಲಿಕೇಶನ್’ ಹುಡುಕಿ. ಅದರ ಕ್ಲಾಸ್ ಐಡಿ ಹಿಡಿದು ‘ಲೋಕಲ್‌ಸರ್ವರ್32’ ನೋಡಿ. ಅಲ್ಲಿರುವ ಇಎಕ್ಸ್ಇ ಫೈಲಿನ ವಿಳಾಸ ಡಿಸ್ಕ್‌ನಲ್ಲಿ ಇದೆಯೇ? ಹಳೆಯ ಆವೃತ್ತಿ ತೆಗೆದಾಗ ಈ ದಾಖಲೆ ಅಳಿಸಿಹೋಗಿರಬಹುದು, ಇಲ್ಲವೇ ಇಲ್ಲದ ಫೋಲ್ಡರಿಗೆ ಕೈತೋರಿಸುತ್ತಿರಬಹುದು. ಆಗ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಈಗ ಬಳಸುವ ಆವೃತ್ತಿಗೆ ‘ರಿಪೇರ್’ ಕೊಡಿ.

ಕಾಂಪೊನೆಂಟ್ ನೋಂದಾಯಿಸುವ ರೆಗ್‌ಸರ್ವರ್32 (regsvr32) ಓಡಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಇಲ್ಲಿ ಅದು ವ್ಯರ್ಥ. ಅದು ಡಿಎಲ್‌ಎಲ್ ಫೈಲುಗಳಿಗೆ. ಕೋರಲ್‌ಡ್ರಾ ಬೇರೆಯೇ ಪ್ರೋಸೆಸ್ ಆಗಿ ಓಡುವ ಇಎಕ್ಸ್ಇ. ಇದೇ ಕಾರಣಕ್ಕೆ 32 ಬಿಟ್ ಎಕ್ಸೆಲ್ ಕೂಡ 64 ಬಿಟ್ ಕೋರಲ್‌ಡ್ರಾವನ್ನು ಕರೆಯಬಲ್ಲದು.

ಎರಡು ಆವೃತ್ತಿಗಳು ಒಂದೇ ಯಂತ್ರದಲ್ಲಿದ್ದರೆ ಕೋಡ್‌ನಲ್ಲಿನ ‘ಕೋರಲ್‌ಡ್ರಾ.ಅಪ್ಲಿಕೇಶನ್’ ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಸಂಖ್ಯೆ ಸೇರಿಸಿ: 2020ಕ್ಕೆ 22, 2021ಕ್ಕೆ 23, 2022ಕ್ಕೆ 24. ಆ ಸಂಖ್ಯೆ ಕೋಡ್‌ನ ಮೇಲ್ಭಾಗದಲ್ಲಿ ಒಂದೇ ಸಾಲಿನಲ್ಲಿರಲಿ, ಮುಂದೆ ಆವೃತ್ತಿ ಬದಲಿಸಿದಾಗ ಅಲ್ಲಿ ತಿದ್ದಿದರೆ ಸಾಕು.

ಎಕ್ಸೆಲ್‌ನ ರೆಫರೆನ್ಸಸ್ ಪಟ್ಟಿಯಲ್ಲಿ ‘ಮಿಸ್ಸಿಂಗ್’ ಎಂದು ಕಂಡರೆ ಹಳೆಯ ಟೈಪ್ ಲೈಬ್ರರಿಯ (ಕೋರಲ್‌ಡ್ರಾದ ಆಜ್ಞೆ, ಸ್ಥಿರಾಂಕಗಳ ಪಟ್ಟಿ) ಟಿಕ್ ತೆಗೆಯಿರಿ. ರೆಫರೆನ್ಸ್ ಗೊಡವೆಯೇ ಬೇಡವೆಂದು, ಹೆಸರಿನಿಂದಲೇ ಕೋರಲ್‌ಡ್ರಾವನ್ನು ಕರೆಯುವ ‘ಕ್ರಿಯೇಟ್‌ಆಬ್ಜೆಕ್ಟ್’ ಬಳಸುವುದು ಉತ್ತಮ, ಆದರೆ ಅಲ್ಲೊಂದು ಅಪಾಯವಿದೆ. ಮಿಲಿಮೀಟರ್ ಸೂಚಿಸುವ ಸ್ಥಿರಾಂಕದ (cdrMillimeter) ಹೆಸರು ಆಗ ವಿಬಿಎಗೆ ಗುರುತು ಸಿಗುವುದಿಲ್ಲ. ಘೋಷಿಸದ ಹೆಸರು ಕಂಡರೆ ತಡೆಯುವ ‘ಆಪ್ಶನ್ ಎಕ್ಸ್‌ಪ್ಲಿಸಿಟ್’ ಸಾಲು ಕೋಡ್‌ನಲ್ಲಿ ಇಲ್ಲದಿದ್ದರೆ ಅದು ಸದ್ದಿಲ್ಲದೆ 0 ಆಗಿ, ಅಳತೆಯೇ ಕೆಡುತ್ತದೆ. ಡಾಕ್ಯುಮೆಂಟಿನ ಯೂನಿಟ್‌ಗೆ ನೇರವಾಗಿ 3 ಕೊಡಿ. ಏನೂ ಕೊಡದಿದ್ದರೆ ರೂಲರ್ ಮಿಲಿಮೀಟರ್ ತೋರಿಸುತ್ತಿದ್ದರೂ ಕೋಡ್ ಇಂಚಿನಲ್ಲೇ ಲೆಕ್ಕ ಹಾಕುತ್ತದೆ. 50 ಮಿಲಿಮೀಟರ್ ಟ್ಯಾಗ್ 50 ಇಂಚಾಗುವುದು ಹೀಗೆಯೇ.

ತೆರೆದಿರುವ ಕೋರಲ್‌ಡ್ರಾ ಕೋಡ್‌ಗೆ ಸಿಗದಿದ್ದರೆ ಅನುಮತಿ ನೋಡಿ. ಕೋರಲ್‌ಡ್ರಾ ಮತ್ತು ಕೋಡ್ ಓಡಿಸುವ ಎಕ್ಸೆಲ್ ಅಥವಾ ಪೈಥಾನ್, ಇವುಗಳಲ್ಲಿ ಒಂದು ಅಡ್ಮಿನ್ ಆಗಿ, ಇನ್ನೊಂದು ಸಾಮಾನ್ಯವಾಗಿ ಓಡುತ್ತಿದ್ದರೆ ಅವು ಒಂದನ್ನೊಂದು ಕಾಣುವುದಿಲ್ಲ. ಎರಡನ್ನೂ ಸಾಮಾನ್ಯವಾಗಿಯೇ ತೆರೆಯಿರಿ. ಪೈಥಾನ್ ಬಳಸುವವರು ಆವೃತ್ತಿ ಬದಲಿಸಿದ ಮೇಲೆ ಟೆಂಪ್ ಫೋಲ್ಡರಿನಲ್ಲಿ ಹಳೆಯ ಆವೃತ್ತಿಯ ವಿವರ ಉಳಿಸಿಕೊಂಡಿರುವ ‘ಜೆನ್_ಪಿವೈ’ (gen_py) ಫೋಲ್ಡರ್ ಅಳಿಸಬೇಕು. ಅದು ತಾನಾಗಿ ಮತ್ತೆ ಹುಟ್ಟುತ್ತದೆ.

ಕನ್ನಡ ಅಕ್ಷರದ ವಿಷಯ: ವಿಬಿಎ ಎಡಿಟರಿನೊಳಗೆ ಯೂನಿಕೋಡ್ ಕನ್ನಡ ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಎಕ್ಸೆಲ್ ಕೋಶದಲ್ಲಿ ಬರೆದು ಅಲ್ಲಿಂದ ಕಳಿಸಿದರೆ ಅಕ್ಷರ ಕೆಡುವುದಿಲ್ಲ. ಫಾಂಟ್ ಮಾತ್ರ ಹಳೆಯ ನುಡಿ ಆಸ್ಕಿ ಆಗಿರದೆ ತುಂಗಾದಂಥ ಯೂನಿಕೋಡ್ ಫಾಂಟ್ ಆಗಿರಬೇಕು.